ನಾಣ್ಯದ ಮೇಲಿನ ಮುಖ

ನಮ್ಮ ನಾಡಿನ ಹಳೆಯ ನಾಣ್ಯಗಳಲ್ಲಿ ಅರಸನ ಮುಖವನ್ನು ಹುಡುಕಿದರೆ ಅದು ದೊರೆಯುವುದು ಅಪರೂಪ. ಹಾಸನ ಸೀಮೆಯನ್ನಾಳಿದ ಹೊಯ್ಸಳ ವಿಷ್ಣುವರ್ಧನನ ಹೊನ್ನಿನ ಒಂದು ಬದಿಯಲ್ಲಿ ಸಿಂಹವಿದೆ, ಇನ್ನೊಂದು ಬದಿಯಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡದ ಬಿರುದಿದೆ. ಗೆದ್ದ ಊರಿನ ಹೆಸರೇ ಅವನ ಗುರುತು. ವಿಜಯನಗರದವರು ಉಮಾಮಹೇಶ್ವರರನ್ನೂ ಬಾಲಕೃಷ್ಣನನ್ನೂ ಗಂಡಭೇರುಂಡವನ್ನೂ ಅಚ್ಚೊತ್ತಿಸಿದರು. ಹೈದರಾಲಿಯೂ ಚಿನ್ನದ ನಾಣ್ಯದ ಮೇಲೆ ಶಿವಪಾರ್ವತಿಯರನ್ನು ಹಾಗೆಯೇ ಉಳಿಸಿಕೊಂಡನು. ಟಿಪ್ಪುವಿನ ತಾಮ್ರದ ಕಾಸಿನ ಮೇಲೆ ಆನೆ ನಿಂತಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲಿ ಆ ಆನೆಯ ಮೇಲುಗಡೆ ಸೂರ್ಯಚಂದ್ರರು ಮೂಡಿದರು. ದೊರೆ ಯಾರೆಂಬುದನ್ನು ಅಕ್ಷರ ಹೇಳುತ್ತಿತ್ತು, ಲಾಂಛನ ಹೇಳುತ್ತಿತ್ತು. ಮೂಗು, ಗಲ್ಲ, ಕೇಶಾಲಂಕಾರಗಳು ಹೇಳಬೇಕಾದುದೇನೂ ಇರಲಿಲ್ಲ.

ಮೈಸೂರಿನ ಸ್ವಂತ ಟಂಕಸಾಲೆಯ ಕೆಲಸ 1843ಕ್ಕೆ ಮುಗಿಯಿತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ, ಸಂಸ್ಥಾನದ ನಾಣ್ಯವನ್ನು ಮತ್ತೆ ಆರಂಭಿಸಕೂಡದೆಂದು ಆಂಗ್ಲರು ಹಸ್ತಾಂತರ ಪತ್ರದಲ್ಲಿಯೇ ನಿಬಂಧನೆ ಹಾಕಿದರು. ಹೀಗಾಗಿ ಕಟ್ಟಾಯದ ರೈತನಾಗಲಿ ಹೊಳೆನರಸೀಪುರದ ವರ್ತಕನಾಗಲಿ ದಸರೆಯಲ್ಲಿ ನೋಡುತ್ತಿದ್ದ ದೊರೆ ಒಬ್ಬರು, ಅಂಗೈಯಲ್ಲಿ ನೋಡುತ್ತಿದ್ದ ದೊರೆ ಇನ್ನೊಬ್ಬರು.

ಅಂಗೈಯ ಆ ಮುಖದಲ್ಲಾದ ಸಣ್ಣಪುಟ್ಟ ವ್ಯತ್ಯಾಸಗಳನ್ನು ನೋಡುತ್ತ ಹೋದರೆ ಒಂದು ಇತಿಹಾಸವೇ ತೆರೆದುಕೊಳ್ಳುತ್ತದೆ. 1840ರ ರೂಪಾಯಿಯಲ್ಲಿ ವಿಕ್ಟೋರಿಯಾ ಕಿರೀಟವಿಲ್ಲದ ತರುಣಿ. ಮೊದಲ ಅಚ್ಚಿನಲ್ಲಿ ಬರಹ ಅವಳ ತಲೆಯನ್ನು ಬಳಸಿಕೊಂಡು ಒಂದೇ ಸಾಲಾಗಿ ಸಾಗುತ್ತದೆ. ಆನಂತರದ ಅಚ್ಚಿನಲ್ಲಿ ತಲೆ ಆ ಬರಹವನ್ನು ಎರಡಾಗಿ ಸೀಳುತ್ತದೆ. ಕಂಪೆನಿಯ ಆಳ್ವಿಕೆ ಹೋಗಿ ಸಾಮ್ರಾಜ್ಯದ ಆಳ್ವಿಕೆ ಬಂದ ಮೇಲೆ, 1862ರಲ್ಲಿ, ಕಿರೀಟವೂ ಕಸೂತಿಯ ಉಡುಪೂ ಬಂದವು. 1877ರಲ್ಲಿ ಮುಖ ಹಾಗೆಯೇ ಉಳಿದು ಒಂದು ಪದ ಮಾತ್ರ ಬದಲಾಯಿತು: ‘ರಾಣಿ’ ಹೋಗಿ ‘ಚಕ್ರವರ್ತಿನಿ’ ಎಂದಾಯಿತು. ಮೈಸೂರು ಸೀಮೆ ಧಾತು ಸಂವತ್ಸರದ ಬರದಲ್ಲಿ ಬೆಂದು, ಜನ ಅನ್ನವಿಲ್ಲದೆ ಸಾಯುತ್ತಿದ್ದ ಕಾಲವದು. ಹೊಸ ಬಿರುದಿನ ರೂಪಾಯಿಯನ್ನು ಕೊಟ್ಟರೂ ಕಾಳು ಸಿಗುವುದು ಕಷ್ಟವಾಗಿದ್ದ ದಿನಗಳಲ್ಲಿ ಆ ಪದ ಬಂದಿತೆಂಬುದನ್ನು ನಾವು ಮರೆಯಬಾರದು.

ಇಂಗ್ಲೆಂಡಿನ ನಾಣ್ಯಗಳ ಮೇಲೆ ರಾಣಿಗೆ ವಯಸ್ಸಾಯಿತು. 1893ರ ಅಚ್ಚಿನಲ್ಲಿ ಅವಳು ಮುಸುಕು ಹೊದ್ದ ವೃದ್ಧೆ. ಭಾರತದ ರೂಪಾಯಿಯಲ್ಲಾದರೋ 1901ರಲ್ಲಿ ಅವಳು ತೀರಿಕೊಳ್ಳುವವರೆಗೂ ಅದೇ ಯೌವನ. ನಮ್ಮ ಹಳ್ಳಿಗಳ ಹೆಂಗಸರು ಸರದಲ್ಲಿ ಪೋಣಿಸಿಕೊಂಡ, ಲಕ್ಷ್ಮೀಪೂಜೆಯ ತಟ್ಟೆಯಲ್ಲಿರಿಸಿ ಕುಂಕುಮವಿಟ್ಟ ‘ರಾಣಿ ಛಾಪು’ ಇದೇ. ದೂರದವರಿಗೆ ಅಧಿಕಾರವು ಮುಪ್ಪಿಲ್ಲದ್ದೆಂಬಂತೆ ಕಾಣುತ್ತದೆಯೆಂಬುದಕ್ಕೆ ಇದಕ್ಕಿಂತ ಉತ್ತಮ ಸಾಕ್ಷ್ಯ ಬೇಡ.

ಎಡ್ವರ್ಡ್ ದೊರೆ ಬರಿದಲೆಯಲ್ಲಿಯೇ ರೂಪಾಯಿಯೇರಿದನು. ಅವನ ಅನಂತರ ಐದನೆಯ ಜಾರ್ಜನ 1911ರ ರೂಪಾಯಿ ಬಂದಿತು. ದೊರೆಯ ನಿಲುವಂಗಿಯ ಮೇಲೆ ಪದವಿಯ ಹಾರ. ಆ ಹಾರದಲ್ಲಿ ಒಂದು ಪುಟ್ಟ ಆನೆ. ಶಿಲ್ಪಿ ಮೆಕೆನಲ್ ಕಡೆದ ಆ ಆನೆಯ ಸೊಂಡಿಲೂ ಕಾಲುಗಳೂ ಗಿಡ್ಡವಾಗಿ, ನೋಡಿದವರಿಗೆ ಅದು ಹಂದಿಯಂತೆ ಕಂಡಿತು. ಮುಸಲ್ಮಾನರಿಗೆ ನಿಷಿದ್ಧವಾದ ಪ್ರಾಣಿಯನ್ನು ದೊರೆ ಎದೆಯ ಮೇಲೆ ಧರಿಸಿದ್ದಾನೆಂದು ಗುಲ್ಲೆದ್ದಿತು. ಟಂಕಿಸಿದ್ದ ಸುಮಾರು 94 ಲಕ್ಷ ರೂಪಾಯಿಗಳಲ್ಲಿ ಜನರ ಕೈಸೇರಿದ್ದುದು 7 ಲಕ್ಷದಷ್ಟು. ಉಳಿದವನ್ನು ಸರ್ಕಾರ ಕರಗಿಸಿತು. 1912ರ ಅಚ್ಚಿನಲ್ಲಿ ಸೊಂಡಿಲು ಸ್ಪಷ್ಟವಾಯಿತು.

ಇಲ್ಲಿ ಎರಡು ಸ್ವಾರಸ್ಯಗಳಿವೆ. ಕನ್ನಡ ನಾಡಿನಲ್ಲಿ ಹೊನ್ನಿನ ನಾಣ್ಯಕ್ಕೆ ‘ವರಾಹ’ವೆಂಬ ಹೆಸರು ಬಂದುದೇ ಹಂದಿಯ ಮುದ್ರೆಯಿಂದ. ಅದು ಭೂಮಿಯನ್ನೆತ್ತಿದ ವಿಷ್ಣುವಿನ ರೂಪವಾದುದರಿಂದ ಪೂಜ್ಯವಾಯಿತು. ಇದು ಅಜಾಗರೂಕತೆಯಿಂದ ಮೂಡಿದುದರಿಂದ ಅಪಚಾರವಾಯಿತು. ಎರಡನೆಯದು, ಹಳೇಬೀಡಿನ ಗುಡಿಯ ಬುಡದ ಪಟ್ಟಿಕೆಯಲ್ಲಿ ಸಾಲಾನೆಗಳನ್ನು ಕಂಡು ಬೆಳೆದವರ ಮುಂದೆ ಆನೆಯನ್ನು ತಪ್ಪಾಗಿ ಕಡೆಯುವುದು ಸಾಹಸವೇ ಸರಿ. ಸಾಮ್ರಾಜ್ಯಕ್ಕೆ ಅರ್ಜಿ ಬರೆಯಲಾರದ ಜನಸಾಮಾನ್ಯನೂ ಅದರ ನಾಣ್ಯವನ್ನು ಅಂಗೈಯಲ್ಲಿ ತಿರುಗಿಸಿ ನೋಡಿ ಸಂದೇಹಿಸಬಲ್ಲವನಾಗಿದ್ದನು. ಕೂದಲೆಳೆಯಷ್ಟು ಸೊಂಡಿಲನ್ನು ಆ ಸಂದೇಹವೇ ತಿದ್ದಿಸಿತು.

1950ರಲ್ಲಿ ದೊರೆಯ ತಲೆಯಿದ್ದೆಡೆಗೆ ಸಾರನಾಥದ ಸಿಂಹಗಳು ಬಂದವು. ಲಾಂಛನದ ಹಳೆಯ ಸಂಪ್ರದಾಯಕ್ಕೇ ನಾವು ಮರಳಿದೆವು. ಆದರೂ ಮುಖದ ಮೋಹ ಹೋಗಲಿಲ್ಲ. 1964ರಲ್ಲಿ ನೆಹರೂ ಬಂದರು. ಐವತ್ತು ಪೈಸೆಯಲ್ಲಿ ಅವರ ಹೆಸರು ಕೆಲವದರಲ್ಲಿ ಹಿಂದಿಯಲ್ಲಿ, ಕೆಲವದರಲ್ಲಿ ಇಂಗ್ಲಿಷಿನಲ್ಲಿ. ಭಾಷೆಯ ಜಗಳ ಕಾದಿದ್ದ ಆ ದಿನಗಳಲ್ಲಿ ಇದೂ ಸಣ್ಣ ವಿವರವಲ್ಲ. 1969ರಲ್ಲಿ ಹಿತ್ತಾಳೆಯ ಬಣ್ಣದ ಇಪ್ಪತ್ತು ಪೈಸೆಯ ಮೇಲೆ ಗಾಂಧೀಜಿ ಬಂದರು. 2006ರ ಐದು ರೂಪಾಯಿಯ ಮೇಲೆ ಬಸವೇಶ್ವರರು ಬಂದರು. ಹನ್ನೆರಡನೆಯ ಶತಮಾನದ ಆ ಶರಣರು ಎದುರಿಗೆ ಕುಳಿತು ಬರೆಯಿಸಿಕೊಂಡ ಚಿತ್ರವಾವುದೂ ನಮಗುಳಿದಿಲ್ಲ. ಆ ಮುಖ ನಮ್ಮ ಗೌರವ ಕಲ್ಪಿಸಿಕೊಂಡ ಮುಖ. ಆದರೂ ಅದನ್ನು ಯಾರೂ ಸುಳ್ಳೆನ್ನಲಿಲ್ಲ.

ಹಾಗಾದರೆ ನಾಣ್ಯದ ಮುಖ ನಿಜವಾಗುವುದು ಹೋಲಿಕೆಯಿಂದಲ್ಲ, ಒಪ್ಪಿಗೆಯಿಂದ. ಕನ್ನಡದಲ್ಲಿ ನಂಬಿಕಸ್ಥನನ್ನು ನಾಣ್ಯವಂತನೆಂದು ಕರೆಯುತ್ತೇವೆ. ಲೋಹದಲ್ಲಿ ಕೊರೆದ ಮುಖಕ್ಕೆ ಬೆಲೆ ಬರುವುದು ಆ ನಾಣ್ಯವಂತಿಕೆ ಅದರ ಹಿಂದೆ ನಿಂತಾಗ ಮಾತ್ರ; ಅದನ್ನು ಟಂಕಿಸುವ ಸಾಲೆ ಎಲ್ಲಿಯೂ ಇಲ್ಲ.