ಸುದ್ದಿಯ ವಾಲಿಕೆಗೆ ಅಳತೆಗೋಲು ಯಾವುದು?

ಆ ಪತ್ರಿಕೆ ಅವರ ಪರ, ಈ ಚಾನೆಲ್ ಇವರ ಪರ ಎಂದು ನಾವೆಲ್ಲ ದಿನನಿತ್ಯ ಹೇಳುತ್ತೇವೆ. ಹಾಗೆ ಹೇಳುವಾಗ ನಾವು ಯಾವುದಕ್ಕೆ ಹೋಲಿಸಿ ಹೇಳುತ್ತಿದ್ದೇವೆ? ಇವತ್ತು ನಿಮ್ಮ ಮುಂದೆ ಇಡಬೇಕೆಂದಿರುವುದು ಈ ಒಂದು ಪ್ರಶ್ನೆಯನ್ನು.

ನಮ್ಮ ಅನಿಸಿಕೆಯನ್ನೇ ಅಳತೆಯಾಗಿ ಇಟ್ಟುಕೊಳ್ಳುವಂತಿಲ್ಲ. 1982ರಲ್ಲಿ ಬೈರೂತ್‌ನಲ್ಲಿ ಪ್ಯಾಲೆಸ್ಟೀನಿ ನಿರಾಶ್ರಿತರ ಹತ್ಯಾಕಾಂಡ ನಡೆಯಿತು; ಅದರಲ್ಲಿ ಇಸ್ರೇಲಿನ ಹೊಣೆ ಎಷ್ಟೆಂಬುದು ವಿವಾದವಾಯಿತು. ಅದರ ಬಗ್ಗೆ ಅಮೆರಿಕದ ಟಿವಿಯಲ್ಲಿ ಬಂದಿದ್ದ ವಾರ್ತೆಗಳನ್ನು ಸ್ಟ್ಯಾನ್‌ಫರ್ಡ್‌ನ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ತೋರಿಸಿದರು. ಇಸ್ರೇಲ್ ಪರ ಇದ್ದವರಿಗೆ ಅದು ಇಸ್ರೇಲನ್ನು ಹಳಿಯುವ ವಾರ್ತೆಯಾಗಿ ಕಂಡಿತು. ಅರಬರ ಪರ ಇದ್ದವರಿಗೆ ಅದೇ ವಾರ್ತೆ ಇಸ್ರೇಲನ್ನು ಕಾಪಾಡುವಂತೆ ಕಂಡಿತು. 1985ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳುವುದಿಷ್ಟು: ಪಕ್ಷ ಕಟ್ಟಿಕೊಂಡವನ ಕಣ್ಣಿಗೆ ಮಾಧ್ಯಮ ಎದುರು ಪಕ್ಷದಲ್ಲಿ ನಿಂತಂತೆ ಕಾಣುತ್ತದೆ.

ಹಾಗಾದರೆ ಹೊರಗಿನ ಅಳತೆಯೊಂದು ಬೇಕು. ಅಮೆರಿಕದ ವಿದ್ವಾಂಸರು ಅದನ್ನು ಅಲ್ಲಿನ ಸಂಸತ್ತಿನಲ್ಲಿ, ಅಂದರೆ ಕಾಂಗ್ರೆಸ್ಸಿನಲ್ಲಿ ಹುಡುಕಿದರು. 2005ರಲ್ಲಿ ಗ್ರೋಸ್‌ಕ್ಲೋಸ್ ಮತ್ತು ಮಿಲ್ಯೊ ಎಂಬಿಬ್ಬರು, ಯಾವ ಸದಸ್ಯ ಯಾವ ಚಿಂತನಾ ಸಂಸ್ಥೆಯನ್ನು ಎಷ್ಟು ಸಲ ಉಲ್ಲೇಖಿಸುತ್ತಾನೆಂದು ಎಣಿಸಿದರು. ಪತ್ರಿಕೆಗಳು ಉಲ್ಲೇಖಿಸಿದ್ದನ್ನೂ ಎಣಿಸಿ ಎರಡನ್ನೂ ತಾಳೆ ಹಾಕಿದರು. ಸಂಪಾದಕೀಯದಲ್ಲಿ ಬಲಪಂಥೀಯವೆಂದು ಹೆಸರಾದ ವಾಲ್ ಸ್ಟ್ರೀಟ್ ಜರ್ನಲ್‌ನ ಸುದ್ದಿಪುಟಗಳು ಈ ಲೆಕ್ಕದಲ್ಲಿ ಎಲ್ಲಕ್ಕಿಂತ ಎಡಕ್ಕೆ ಬಂದವು. ನಾಗರಿಕ ಹಕ್ಕುಗಳ ಸಂಸ್ಥೆ ಎಸಿಎಲ್‌ಯು ನಡುವಿನಿಂದ ತುಸು ಬಲಕ್ಕೆ ಸರಿಯಿತು. ಚುನಾವಣಾ ನಿಧಿ ಸುಧಾರಣೆಯನ್ನು ವಿರೋಧಿಸುತ್ತಿದ್ದ ರಿಪಬ್ಲಿಕನ್ ಸೆನೆಟರ್ ಮಿಚ್ ಮೆಕಾನಲ್ ತಮ್ಮ ವಾದಕ್ಕೆ ಅದರ ಹೆಸರನ್ನು ಮತ್ತೆ ಮತ್ತೆ ಬಳಸಿದ್ದು ಇದಕ್ಕೆ ಕಾರಣ. ಉಲ್ಲೇಖಿಸುವುದೂ ಒಪ್ಪುವುದೂ ಒಂದೇ ಆಗಬೇಕಿಲ್ಲ ಎಂದು ಟೀಕಾಕಾರರು ಹೇಳಿದ್ದು ಸರಿಯಾಗಿಯೇ ಇತ್ತು.

2010ರಲ್ಲಿ ಗೆನ್ಜ್‌ಕೋ ಮತ್ತು ಶಪೀರೊ ಪದಗುಚ್ಛಗಳನ್ನು ಎಣಿಸಿದರು. ಸತ್ತವರ ಆಸ್ತಿಯ ಮೇಲಿನ ತೆರಿಗೆಯನ್ನು ಡೆಮಾಕ್ರಟರು ‘ಎಸ್ಟೇಟ್ ಟ್ಯಾಕ್ಸ್’ ಎನ್ನುತ್ತಿದ್ದರು, ರಿಪಬ್ಲಿಕನ್ನರು ‘ಡೆತ್ ಟ್ಯಾಕ್ಸ್’ ಎನ್ನುತ್ತಿದ್ದರು. 2005ರ ಕಾಂಗ್ರೆಸ್ ನಡಾವಳಿಯಿಂದ ಇಂಥ ನುಡಿಗಳನ್ನು ಆಯ್ದು, 400ಕ್ಕೂ ಹೆಚ್ಚು ದಿನಪತ್ರಿಕೆಗಳಲ್ಲಿ ಅವು ಎಷ್ಟೆಷ್ಟು ಬಂದಿವೆಯೆಂದು ನೋಡಿದರು. ಪತ್ರಿಕೆಯ ಒಲವು ಮಾಲೀಕರಿಗಿಂತ ಹೆಚ್ಚಾಗಿ ಆ ಊರಿನ ಓದುಗರ ಒಲವನ್ನೇ ಹಿಂಬಾಲಿಸುತ್ತದೆ ಎಂದು ತಿಳಿದುಬಂತು. ನಾವು ಪತ್ರಿಕೆಯ ಮೇಲೆ ಹೊರಿಸುವ ಆರೋಪದಲ್ಲಿ ನಮ್ಮದೂ ಪಾಲಿದೆ ಎಂಬ ಈ ಮಾತನ್ನು ನಾನು ಬಹಳ ಗಂಭೀರವಾಗಿ ತೆಗೆದುಕೊಳ್ಳುತ್ತೇನೆ.

ಈ ಎರಡೂ ವಿಧಾನಗಳಿಗೆ ಒಂದು ಮಿತಿಯಿದೆ. ಅವು ಅಳೆಯುವುದು ಪತ್ರಿಕೆ ಎರಡು ಪಕ್ಷಗಳ ನಡುವೆ ಎಲ್ಲಿ ನಿಂತಿದೆ ಎಂಬುದನ್ನು. ಮೂರು ಪ್ರಬಲ ಪಕ್ಷಗಳಿರುವ ಕರ್ನಾಟಕಕ್ಕೆ ಇಂಥ ಒಂದೇ ಗೆರೆ ಸಾಲದು. ಅದಕ್ಕಿಂತ ದೊಡ್ಡ ತೊಡಕೆಂದರೆ, ಎರಡೂ ಪಕ್ಷಗಳು ಒಟ್ಟಾಗಿ ತಪ್ಪಿದ್ದ ದಿನ ನಟ್ಟನಡುವೆ ನಿಂತ ಪತ್ರಿಕೆಯೂ ತಪ್ಪಿರುತ್ತದೆ.

ಈ ಕಾರಣಕ್ಕೆ ನನಗೆ ಇವೆಲ್ಲಕ್ಕಿಂತ ಹಳೆಯದೊಂದು ಅಧ್ಯಯನ ಮುಖ್ಯವೆನಿಸುತ್ತದೆ. 1920ರ ಆಗಸ್ಟ್‌ನಲ್ಲಿ ವಾಲ್ಟರ್ ಲಿಪ್‌ಮನ್ ಮತ್ತು ಚಾರ್ಲ್ಸ್ ಮರ್ಜ್ ‘ದಿ ನ್ಯೂ ರಿಪಬ್ಲಿಕ್’ ವಾರಪತ್ರಿಕೆಯಲ್ಲಿ ಅದನ್ನು ಪ್ರಕಟಿಸಿದರು. ಹಳಿಯಲು ಸುಲಭವಾದ ಕಳಪೆ ಪತ್ರಿಕೆಯನ್ನು ಅವರು ಆರಿಸಿಕೊಳ್ಳಲಿಲ್ಲ. ಎಲ್ಲರೂ ಗೌರವಿಸುತ್ತಿದ್ದ ನ್ಯೂಯಾರ್ಕ್ ಟೈಮ್ಸನ್ನೇ ಕೈಗೆತ್ತಿಕೊಂಡರು. ರಷ್ಯಾದ ಕ್ರಾಂತಿಯ ಬಗ್ಗೆ ಮೂರು ವರ್ಷ ಅದರಲ್ಲಿ ಬಂದ 3,000ಕ್ಕೂ ಹೆಚ್ಚು ಸುದ್ದಿಗಳನ್ನು ಓದಿದರು. ಯಾರ ಅಭಿಪ್ರಾಯ ಸರಿ ಎಂಬ ಜಗಳಕ್ಕೆ ಅವರು ಇಳಿಯಲಿಲ್ಲ. ಯಾವ ಪಕ್ಷದವರೂ ಅಲ್ಲಗಳೆಯಲಾಗದ ಕೆಲವೇ ಘಟನೆಗಳನ್ನು ಆಧಾರವಾಗಿ ಹಿಡಿದರು: 1917ರ ಜುಲೈನಲ್ಲಿ ರಷ್ಯಾದ ಸೇನೆಯ ದಾಳಿ ಸೋತಿತು, ನವೆಂಬರಿನಲ್ಲಿ ಬೋಲ್ಶೆವಿಕರು ಅಧಿಕಾರ ಹಿಡಿದರು, 1920ರಲ್ಲೂ ಅವರೇ ಆಳುತ್ತಿದ್ದರು. ಪತ್ರಿಕೆಯ ಓದುಗನಿಗೆ ಇದು ಗೊತ್ತಾಗುವಂತಿತ್ತೇ ಎಂದಷ್ಟೇ ಕೇಳಿದರು.

ಉತ್ತರ ಎದೆ ನಡುಗಿಸುವಂಥದು. ಬೋಲ್ಶೆವಿಕರು ಇನ್ನೇನು ಬಿದ್ದರು, ಇಲ್ಲವೇ ಬಿದ್ದೇಬಿಟ್ಟರು ಎಂದು ಎರಡು ವರ್ಷಗಳಲ್ಲಿ 91 ಸಲ ಅಚ್ಚಾಗಿತ್ತು. ಇದರ ಹಿಂದೆ ಪಿತೂರಿಯಿದೆ ಎಂದು ಲಿಪ್‌ಮನ್ ಮತ್ತು ಮರ್ಜ್ ಹೇಳಲಿಲ್ಲ. ವರದಿಗಾರರ, ಸಂಪಾದಕರ ಮನಸ್ಸಿನಲ್ಲಿದ್ದ ಆಸೆ ಮತ್ತು ಭಯವೇ ಸುದ್ದಿಯನ್ನು ತಿರುಚಿತೆಂದು ತೋರಿಸಿದರು. ಅದೇ ಮರ್ಜ್ ಮುಂದೆ ನ್ಯೂಯಾರ್ಕ್ ಟೈಮ್ಸ್‌ನ ಸಂಪಾದಕೀಯ ಪುಟವನ್ನು ಎರಡು ದಶಕಕ್ಕೂ ಹೆಚ್ಚು ಕಾಲ ನೋಡಿಕೊಂಡರು. ಪ್ರಾಮಾಣಿಕ ಪರಿಶೀಲನೆ ಪತ್ರಿಕೋದ್ಯಮಕ್ಕೆ ಹಗೆಯಲ್ಲ ಎನ್ನಲು ಬೇರೆ ಸಾಕ್ಷಿ ಬೇಕಿಲ್ಲ.

ಈ ಕೆಲಸ ನಮ್ಮಿಂದಲೂ ಆಗುತ್ತದೆ. ಊರಿನ ಒಂದು ವಿಷಯವನ್ನು ಆರಿಸಿಕೊಳ್ಳಿ. ಕೆರೆ ಒತ್ತುವರಿಯಾದರೂ ಸರಿ, ಶಾಲೆ ಮುಚ್ಚಿದ್ದಾದರೂ ಸರಿ. ಏನು ನಡೆಯಿತೆಂದು ದಾಖಲೆಗಳಿಂದ ಮೊದಲು ಖಚಿತ ಮಾಡಿಕೊಳ್ಳಿ. ಏನನ್ನು ಎಣಿಸುತ್ತೀರೆಂದು ಓದುವ ಮುನ್ನವೇ ಬರೆದಿಡಿ: ಯಾರ ಮಾತಿಗೆ ಎಷ್ಟು ಸಾಲು ಸಿಕ್ಕಿದೆ, ಹೆಸರಿಲ್ಲದ ಮೂಲಗಳೆಷ್ಟು, ಯಾವ ಸಂಗತಿ ಬರಲೇ ಇಲ್ಲ. ಬೇರೆ ಬೇರೆ ರಾಜಕೀಯ ನಿಲುವಿನ ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಎಣಿಸಲಿ. ಇಬ್ಬರ ಲೆಕ್ಕ ಕೂಡಿಬರದಿದ್ದರೆ ನಿಯಮ ತಿದ್ದಿಕೊಂಡು ಮತ್ತೆ ಎಣಿಸಿ. ನೀವು ಮೆಚ್ಚುವ ಪತ್ರಿಕೆಯಿಂದಲೇ ಶುರುಮಾಡಿ ಎಂದು ಕೇಳಿಕೊಳ್ಳುತ್ತೇನೆ, ಯಾಕೆಂದರೆ ಅದರ ವಾಲಿಕೆ ನಮ್ಮ ಕಣ್ಣಿಗೆ ಬೀಳುವುದು ತೀರಾ ಕಡಿಮೆ.