ಸೀಟಿನ ಬೆಲೆ, ಪಾಠದ ಬೆಲೆ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಳೆಯ ನೆನಪುಗಳನ್ನು ಬೇರೆಯವರು ಚೆನ್ನಾಗಿ ಹೇಳಿದ್ದಾರೆ. ನಾನು ದುಡ್ಡಿನ ಮಾತಾಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಹೋದ ವರ್ಷ ನಮ್ಮೂರಿನವರೊಬ್ಬರು ಮನೆಗೆ ಬಂದಿದ್ದರು. ಮಗನಿಗೆ ಸಿಇಟಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜು ಸಿಕ್ಕಿತ್ತು. ಅದನ್ನು ಬಿಟ್ಟು ಬೆಂಗಳೂರಿನಲ್ಲಿ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಲು ಒಂದು ಎಕರೆ ತೋಟ ಮಾರುವ ಯೋಚನೆ. “ಸರ್ಕಾರಿ ಕಾಲೇಜಲ್ಲಿ ಏನಿದೆ ಸಾರ್?” ಎಂದರು. ನಾನು ಒಂಬತ್ತು ವರ್ಷ ಖಾಸಗಿ ಕಾಲೇಜಿನಲ್ಲಿ ಪಾಠ ಮಾಡಿ ಈಗ ಸರ್ಕಾರಿ ಕಾಲೇಜಿನಲ್ಲಿರುವವನು. ಎರಡೂ ಕಡೆಯ ಅನ್ನ ತಿಂದಿದ್ದೇನೆ.

ಈ ಜಗಳ ಹಳೆಯದು. 1989ರಲ್ಲಿ ನಮ್ಮ ರಾಜ್ಯ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ಗೊತ್ತುಮಾಡಿತು. ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000ದವರೆಗೆ, ಹೊರರಾಜ್ಯದವರಿಗೆ 60,000ದವರೆಗೆ. ಮೀರತ್‌ನ ಮೋಹಿನಿ ಜೈನ್ ಎಂಬ ಹುಡುಗಿ ಸುಪ್ರೀಂ ಕೋರ್ಟಿಗೆ ಹೋದಳು. ಕ್ಯಾಪಿಟೇಶನ್ ಶುಲ್ಕ ಕಾನೂನುಬಾಹಿರವೆಂದು 1992ರಲ್ಲಿ ತೀರ್ಪಾಯಿತು. 1994ರಲ್ಲಿ ಸಿಇಟಿ ಬಂತು. 2002ರ ಟಿ.ಎಂ.ಎ. ಪೈ ತೀರ್ಪು, ಕಾಲೇಜು ತನ್ನ ಬೆಳವಣಿಗೆಗೆಂದು ಒಂದಿಷ್ಟು ಉಳಿಸಿಕೊಳ್ಳಬಹುದು, ಆದರೆ ಲಾಭಕೋರತನ ಕೂಡದು ಎಂದಿತು. ಅಂದರೆ ಕಾಗದದ ಮೇಲೆ ಲಾಭಕ್ಕಾಗಿ ನಡೆಯುವ ಕಾಲೇಜೇ ಇಲ್ಲ. ಕಾಗದದ ಮೇಲೆ!

ಖಾಸಗಿ ಕಾಲೇಜಿನ ನನ್ನ ತರಗತಿಯಲ್ಲಿ ಸಿಇಟಿ, ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಹೀಗೆ ಮೂರು ಬಗೆಯ ಸೀಟಿನವರು ಒಂದೇ ಬೆಂಚಿನಲ್ಲಿ ಕೂರುತ್ತಿದ್ದರು. ಒಬ್ಬನಿಗಿಂತ ಇನ್ನೊಬ್ಬ ಎಷ್ಟೋ ಪಟ್ಟು ಹೆಚ್ಚು ಕಟ್ಟಿರುತ್ತಿದ್ದ. ನಾನು ಮಾಡುತ್ತಿದ್ದುದು ಒಂದೇ ಪಾಠ. ವಿಟಿಯು ಕೊಡುತ್ತಿದ್ದುದು ಒಂದೇ ಪ್ರಶ್ನೆಪತ್ರಿಕೆ, ಒಂದೇ ಪದವಿ. ಹೆಚ್ಚು ಕೊಟ್ಟಿದ್ದು ಸೀಟಿಗೇ ಹೊರತು ಪಾಠಕ್ಕಲ್ಲ.

ಹಾಗೆಂದು ಸರ್ಕಾರಿ ಕಾಲೇಜನ್ನು ಹೊಗಳಲು ನಾನು ಬಂದಿಲ್ಲ. ಈಗ ನಾನಿರುವಲ್ಲಿ ನಿವೃತ್ತರಾದವರ ಹುದ್ದೆ ತುಂಬುವುದಿಲ್ಲ. ಅತಿಥಿ ಉಪನ್ಯಾಸಕರು ಬರುವ ಹೊತ್ತಿಗೆ ಅರ್ಧ ಸೆಮಿಸ್ಟರ್ ಕಳೆದಿರುತ್ತದೆ. ಒಂದು ಸಣ್ಣ ಬಿಡಿಭಾಗಕ್ಕಾಗಿ ಲ್ಯಾಬಿನ ಯಂತ್ರ ಮೂರು ತಿಂಗಳು ನಿಂತಿತ್ತು, ಫೈಲು ಮಾತ್ರ ಓಡಾಡುತ್ತಿತ್ತು. ಖಾಸಗಿಯಲ್ಲಿ ಅದು ಮೂರು ದಿನದ ಕೆಲಸ. ಕಂಪನಿಗಳನ್ನು ಕ್ಯಾಂಪಸ್ಸಿಗೆ ಕರೆತರುವುದರಲ್ಲೂ ಅವರು ಚುರುಕು, ಒಪ್ಪುತ್ತೇನೆ.

ಆದ್ದರಿಂದ ಬೋರ್ಡು ನೋಡಬೇಡಿ, ಲೆಕ್ಕ ಕೇಳಿ. ನಿಮ್ಮ ಮಗ ಸೇರುವ ವಿಭಾಗದಲ್ಲಿ ಕಾಯಂ ಅಧ್ಯಾಪಕರು ಎಷ್ಟು ಜನ? ಜಾಹೀರಾತಿನಲ್ಲಿ ಹಾಕುವುದು ಒಬ್ಬನೇ ಒಬ್ಬನಿಗೆ ಸಿಕ್ಕ ಅತಿ ದೊಡ್ಡ ಸಂಬಳ. ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಅರ್ಜಿ ಹಾಕುವ ಕಾಲೇಜುಗಳು ‘ಮೀಡಿಯನ್’ ಸಂಬಳ ತಿಳಿಸಬೇಕು. ಕೆಲಸ ಸಿಕ್ಕವರನ್ನೆಲ್ಲ ಸಂಬಳದ ಪ್ರಕಾರ, ಇಲ್ಲಿ ಪ್ರಾರ್ಥನೆಗೆ ನಿಲ್ಲುತ್ತಿದ್ದೆವಲ್ಲ ಹಾಗೆ, ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ನಿಂತವನ ಸಂಬಳ ಅದು. ಕೆಲಸ ಸಿಗದವರು ಆ ಸಾಲಿನಲ್ಲಿ ಇರುವುದೇ ಇಲ್ಲ. ಅವರೆಷ್ಟು ಜನ ಎಂದೂ ಕೇಳಿ. ಆಮೇಲೆ ಆ ಸಂಬಳದ ಪಕ್ಕದಲ್ಲಿ ನಾಲ್ಕು ವರ್ಷದ ಶುಲ್ಕ, ಹಾಸ್ಟೆಲ್, ಸಾಲದ ಬಡ್ಡಿ ಬರೆದು ನೋಡಿ.

ಅವರು ತೋಟ ಮಾರಿದರೋ ಇಲ್ಲವೋ ನಾನು ಹೇಳುವುದಿಲ್ಲ, ಅದು ಅವರ ಮನೆಯ ವಿಷಯ. ಪಿಯುಸಿಯಲ್ಲಿ ಮಕ್ಕಳಿರುವವರು ಊಟವಾದ ಮೇಲೆ ಬಾವಿಕಟ್ಟೆಯ ಹತ್ತಿರ ಬನ್ನಿ. ಸಂಜೆ ಬಸ್ಸಿನವರೆಗೆ ಅಲ್ಲೇ ಇರುತ್ತೇನೆ. ಕಾಲೇಜಿನ ಶುಲ್ಕದ ಚೀಟಿ ಜೊತೆಗೆ ತನ್ನಿ.