ಇದ್ದೂ ಸಿಗದ ಪುಸ್ತಕ
(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಪುಸ್ತಕಗಳ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ನಮ್ಮ ವಾಚನಾಲಯದಲ್ಲಿ ಈಚೆಗೆ ನಡೆದ ಒಂದು ಸಣ್ಣ ಸಂಗತಿಯಿಂದಲೇ ಆರಂಭಿಸುತ್ತೇನೆ.

ಬಾಲಿಕೆಯೊಬ್ಬಳು ಕಯ್ಯಾರ ಕಿಞ್ಞಣ್ಣ ರೈಗಳನ್ನು (1915–2015) ಕುರಿತು ಪ್ರಬಂಧ ಬರೆಯಬೇಕಾಗಿತ್ತು. ಗಣಕಯಂತ್ರದಲ್ಲಿ ‘ಕೈಯಾರ’ ಎಂದು ಬರೆದು ಹುಡುಕಿದಳು. ಒಂದು ಪುಸ್ತಕವೂ ಕಾಣಲಿಲ್ಲ. ಅವಳು ನಿರಾಶೆಯಿಂದ ಹಿಂದಿರುಗಿದಳು. ಆದರೆ ಅವರ ಆತ್ಮಕಥೆ ‘ದುಡಿತವೇ ನನ್ನ ದೇವರು’ ಅದೇ ಪಟ್ಟಿಯಲ್ಲಿತ್ತು! ನಾವು ‘ಕಯ್ಯಾರ’ ಎಂದು ದಾಖಲಿಸಿದ್ದೆವು, ಅಷ್ಟೇ ವ್ಯತ್ಯಾಸ.

ವಿದ್ಯುನ್ಮಾನ ಪುಸ್ತಕಗಳನ್ನು ಜೋಡಿಸಿಡಲು ಕೋವಿದ್ ಗೋಯಲ್ ಅವರು 2006ರಲ್ಲಿ ಆರಂಭಿಸಿದ ‘ಕ್ಯಾಲಿಬರ್’ ಎಂಬ ಉಚಿತ ತಂತ್ರಾಂಶವನ್ನು ಅನೇಕರು ಬಳಸುತ್ತಾರೆ. ಅದರ ಸಾಮಾನ್ಯ ಹುಡುಕಾಟವು ಪುಸ್ತಕದ ಒಳಪುಟಗಳನ್ನು ನೋಡುವುದಿಲ್ಲ. ಹೆಸರು, ಲೇಖಕ, ವಿಷಯಸೂಚಕ ಪದ, ಟಿಪ್ಪಣಿ ಮೊದಲಾದ ದಾಖಲೆಗಳನ್ನಷ್ಟೇ ನೋಡುತ್ತದೆ. ಬರೆದ ಅಕ್ಷರಗಳು ಎಲ್ಲಿ ಅಡಗಿದ್ದರೂ ಹಿಡಿಯುತ್ತದೆ. ‘ರೈ’ ಎಂದರೆ ಕಿಞ್ಞಣ್ಣ ರೈಗಳೊಡನೆ ‘ರೈತ’ನೂ ‘ರೈಲೂ’ ಬರುತ್ತವೆ. ಎರಡು ಪದಗಳನ್ನು ಬರೆದರೆ ಎರಡೂ ಇರುವ ಪುಸ್ತಕ ಮಾತ್ರ ಬರುತ್ತದೆ. ಆದುದರಿಂದ ಹೆಚ್ಚು ಬರೆದಷ್ಟೂ ಸಿಗುವುದು ಕಡಿಮೆ. ಸಮಚಿಹ್ನೆಯನ್ನು ಮುಂದಿಟ್ಟರಂತೂ ಇಡೀ ಹೆಸರು ಅಕ್ಷರಶಃ ಹೊಂದಬೇಕು.

ಒಳಪುಟಗಳನ್ನು ಹುಡುಕುವ ಸೌಕರ್ಯ ಅದಕ್ಕೆ 2022ರಲ್ಲಿ ಸೇರಿತು. ಅದನ್ನು ನಾವೇ ಆರಂಭಿಸಬೇಕು. ಎಲ್ಲ ಪುಸ್ತಕಗಳ ಪದಸೂಚಿ ಸಿದ್ಧವಾಗುವವರೆಗೆ ತಾಳ್ಮೆಯೂ ಬೇಕು. ಆದರೆ ಹಳೆಯ ಪುಸ್ತಕದ ಪುಟಗಳನ್ನು ಚಿತ್ರಗಳಾಗಿ ಮಾತ್ರ ಇಟ್ಟಿದ್ದರೆ ಅಲ್ಲಿ ಯಂತ್ರಕ್ಕೆ ಕಾಣುವುದು ಚಿತ್ರವೇ ಹೊರತು ಅಕ್ಷರವಲ್ಲ. ಯೂನಿಕೋಡ್ ಅಲ್ಲದ ಹಳೆಯ ಅಕ್ಷರವಿನ್ಯಾಸದ ಕಡತಗಳೂ ಹಾಗೆಯೇ: ನಮ್ಮ ಕಣ್ಣಿಗೆ ಕನ್ನಡ, ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ.

ನಮ್ಮ ಭಾಷೆಯಲ್ಲಿ ‘ಕಥೆ’ಯೂ ಸರಿ, ‘ಕತೆ’ಯೂ ಸರಿ. ಓದುಗನಿಗೆ ಎರಡೂ ಒಂದೇ. ಯಂತ್ರಕ್ಕೆ ಅವು ಬೇರೆ ಬೇರೆ. ಹಿಂದಿನ ಗ್ರಂಥಪಾಲಕರು ನಮ್ಮ ತಪ್ಪನ್ನು ತಿದ್ದಿಕೊಂಡು ಪುಸ್ತಕ ತೆಗೆದುಕೊಡುತ್ತಿದ್ದರು. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ.

ಪರಿಹಾರ ನಮ್ಮ ಕೈಯಲ್ಲೇ ಇದೆ. ಹುಡುಕುವವರು ಹೆಸರಿನ ಒಂದು ತುಣುಕನ್ನು ಮಾತ್ರ ಬರೆಯಲಿ. ಸಿಗದಿದ್ದರೆ ಬೇರೆ ಕಾಗುಣಿತದಲ್ಲಿ ಮತ್ತೆ ಪ್ರಯತ್ನಿಸಲಿ. ದಾಖಲಿಸುವವರು ರೂಢಿಯಲ್ಲಿರುವ ಎಲ್ಲ ರೂಪಗಳನ್ನೂ ವಿಷಯಸೂಚಕ ಪದಗಳಲ್ಲಿ ಸೇರಿಸಲಿ. ನಾವು ‘ಕೈಯಾರ’ ಎಂದೂ ಸೇರಿಸಿದೆವು. ಮರುವಾರ ಆ ಬಾಲಿಕೆಯನ್ನು ಕರೆಸಿ ಪುಸ್ತಕ ತೋರಿಸಿದೆವು.

ಗಡಿನಾಡಿನಲ್ಲಿ ಕನ್ನಡದ ಮಗುವಿಗೆ ‘ನಿನ್ನ ಪುಸ್ತಕ ಇಲ್ಲ’ ಎಂಬ ಉತ್ತರ ಸುಲಭವಾಗಿ ನಿಜವೆನಿಸಿಬಿಡುತ್ತದೆ. ಪುಸ್ತಕವನ್ನು ಉಳಿಸಿದರೆ ಸಾಲದು. ಅದು ಕೈಗೆ ಸಿಗುವಂತೆಯೂ ಮಾಡಬೇಕು.